ಧಾತು ಸಂವತ್ಸರ ಯಾವುದು? ನಮ್ಮೂರಿನ ಚರ್ಚಿನ ವಯಸ್ಸಿನ ಬಗ್ಗೆ ತಿಳಿದವರು ಹೇಳಬೇಕು

ಸಿರುಗುಪ್ಪ ಸೀಮೆಯವ

ಮಾನ್ಯರೇ,

ನಮ್ಮದು ಸಿರುಗುಪ್ಪ ತಾಲ್ಲೂಕಿನ, ತುಂಗಭದ್ರೆಗೆ ಬಹಳ ದೂರವಲ್ಲದ ಒಂದು ಹಳ್ಳಿ. ವಿಷಯ ಸಭೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲದ ಕಾರಣ ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ನಮ್ಮ ಚರ್ಚು ಸಣ್ಣದು. ಒಂದೇ ಅಂಕಣ, ಮೊದಲು ಮಣ್ಣಿನ ಮಾಳಿಗೆಯಿದ್ದು ನಂತರ ಸಿಮೆಂಟಿನ ಚಾವಣಿ ಕಂಡದ್ದು. ಎರೆಭೂಮಿಯ ಮೇಲೆ ನಿಂತಿರುವುದರಿಂದ ಪ್ರತಿ ಬೇಸಿಗೆಯಲ್ಲೂ ಗೋಡೆ ಒಂದಿಷ್ಟು ಬಿರಿಯುತ್ತದೆ, ಪ್ರತಿ ಕ್ರಿಸ್‌ಮಸ್‌ಗೂ ನಾವು ಒಂದಿಷ್ಟು ಸುಣ್ಣ ಬಳಿದು ಅದನ್ನು ಮುಚ್ಚುತ್ತೇವೆ.

ಈಗ ಸಭಾ ಸಮಿತಿಯ ಹಿರಿಯರು 2026ರಲ್ಲಿ ನೂರೈವತ್ತನೆಯ ವರ್ಷದ ಹಬ್ಬ ಮಾಡಬೇಕೆಂದು ನಿಶ್ಚಯಿಸಿದ್ದಾರೆ. ಬಾಗಿಲ ಮೇಲೆ "ಸ್ಥಾಪನೆ 1876" ಎಂದು ಬರೆಸಲು ಪೇಂಟರನಿಗೆ ಮುಂಗಡವನ್ನೂ ಕೊಟ್ಟಾಗಿದೆ. ಇದಕ್ಕೆಲ್ಲ ಆಧಾರ ಒಂದೇ ಒಂದು ಸಾಲು. ನಮ್ಮ ಸಭೆಯ ಹಳೆಯ ಮನೆತನವೊಂದರ ಸತ್ಯವೇದದ ಕೊನೆಯ ಖಾಲಿ ಹಾಳೆಯಲ್ಲಿ, ಮಕ್ಕಳ ಜನನ ಮರಣಗಳ ನಡುವೆ, "ಧಾತು ಸಂವತ್ಸರದ ಶ್ರಾವಣ ಮಾಸದಲ್ಲಿ ಗುಡಿಗೆ ಬುನಾದಿ ಹಾಕಿದ್ದು" ಎಂದು ಮಸಿಯಲ್ಲಿ ಬರೆದಿದೆ. ಗುಡಿ ಎಂದರೆ ಇಲ್ಲಿ ನಮ್ಮ ಚರ್ಚೇ. ಧಾತು ಎಂದರೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಿದ್ದ ಧಾತು-ಈಶ್ವರ ಬರದ ಧಾತುವೇ, ಅಂದರೆ 1876, ಎಂಬುದು ಹಿರಿಯರ ಲೆಕ್ಕ.

ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1876-77 ಧಾತುವಾದರೆ 1936-37 ಕೂಡ ಧಾತುವೇ. ನಾನು ಇದನ್ನು ಸಭೆಯಲ್ಲಿ ಎತ್ತಿದಾಗ ಹಿರಿಯರೊಬ್ಬರು, "ನಿನಗೆ ನಮ್ಮ ಗುಡಿಯ ವಯಸ್ಸು ಕಡಿಮೆ ಮಾಡುವುದರಲ್ಲಿ ಏನು ಸಂತೋಷವಪ್ಪಾ?" ಎಂದು ಕೇಳಿದರು. ಸಂತೋಷವೇನೂ ಇಲ್ಲ. ತಪ್ಪು ವರ್ಷವನ್ನು ಎಣ್ಣೆ ಬಣ್ಣದಲ್ಲಿ ಬರೆಸಿದರೆ ನಮ್ಮ ಮೊಮ್ಮಕ್ಕಳು ಅದನ್ನೇ ಆಧಾರವೆಂದು ತೋರಿಸುತ್ತಾರೆ ಎಂಬ ಅಳುಕು ಮಾತ್ರ. ಈ ಎರಡು ಧಾತುಗಳಲ್ಲಿ ಯಾವುದೆಂದು ತಿಳಿಯುವ ದಾರಿ ಉಂಟೇ?

ಕೌಲ್ ಬಜಾರ್ ಹಳಬ

ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಟ್ಟಡ ಯಾವಾಗ ಎದ್ದಿತು ಎಂಬುದು ಒಂದು. ಸಭೆ, ಅಂದರೆ ಆರಾಧನೆಗೆ ಕೂಡುವ ಕ್ರೈಸ್ತ ಸಮುದಾಯ, ಯಾವಾಗ ಕೂಡಿತು ಎಂಬುದು ಇನ್ನೊಂದು. ನಮ್ಮ ಭಾಗದ ಹಳ್ಳಿಗಳಲ್ಲಿ ಈ ಎರಡರ ನಡುವೆ ಒಂದೆರಡು ತಲೆಮಾರೇ ಕಳೆದಿರುವುದುಂಟು. ಬೇವಿನ ಮರದ ಕೆಳಗೆ, ಯಾರದೋ ಮನೆಯ ಪಡಸಾಲೆಯಲ್ಲಿ, ಶಾಲೆಯೆಂದು ಕರೆದ ಗುಡಿಸಲಿನಲ್ಲಿ ಆರಾಧನೆ ನಡೆದು, ಕಲ್ಲಿನ ಗೋಡೆ ಬಹಳ ತಡವಾಗಿ ಬರುತ್ತದೆ. "ಸ್ಥಾಪನೆ" ಎಂಬ ಒಂದು ಪದದಲ್ಲಿ ಇವೆರಡನ್ನೂ ತುಂಬಲು ಹೋದಾಗಲೇ ಜಗಳ ಹುಟ್ಟುವುದು.

ಹಿನ್ನೆಲೆ ಗೊತ್ತಿರಲಿ ಎಂದು ಬರೆಯುತ್ತೇನೆ. ನಿಜಾಮನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟದ್ದು 1800ರಲ್ಲಿ. ಹತ್ತು ವರ್ಷದ ಮೇಲೆ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಅವರನ್ನು ಮೊದಲು ನೇಮಿಸಿದ್ದು ಶ್ರೀರಂಗಪಟ್ಟಣಕ್ಕೆ. ಬಂದು ನೆಲೆ ನಿಂತದ್ದು ನಮ್ಮ ಬಿಸಿಲಿನಲ್ಲಿ. ಕನ್ನಡ ಕಲಿತು, ಮುಂದೆ ವಿಲಿಯಂ ರೀವ್ ಅವರ ಜೊತೆ ಕೂಡಿ, 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಕನ್ನಡ ನಿಘಂಟು ಮಾಡಿದ ರೀವ್ ಇವರೇ. ಬಳ್ಳಾರಿಯ ಮಿಷನ್ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆಗಳಿದ್ದುದರಿಂದಲೇ, ಮಂಗಳೂರಿನಲ್ಲಿ 1843ರಲ್ಲಿ ಕಲ್ಲಚ್ಚಿನಲ್ಲಿ ಶುರುವಾದ "ಮಂಗಳೂರ ಸಮಾಚಾರ" ಮರುವರ್ಷ "ಕನ್ನಡ ಸಮಾಚಾರ" ಎಂಬ ಹೆಸರಿನಲ್ಲಿ ನಮ್ಮೂರಿಗೆ ಬಂತು. ಪತ್ರಿಕಾ ದಿನದ ಭಾಷಣಗಳಲ್ಲಿ ಮಂಗಳೂರಿನ ಹೆಸರು ಹೇಳಿ ಬಳ್ಳಾರಿಯನ್ನು ಮರೆಯುವವರ ಮೇಲೆ ನನಗೆ ಹಳೆಯ ಕೋಪವಿದೆ, ಅದು ಇರಲಿ.

ಇಲ್ಲಿನ ಮೊದಲ ಸಭೆಗಳೆಲ್ಲ ಕನ್ನಡದವಲ್ಲ ಎಂಬುದನ್ನೂ ನೆನಪಿಡಬೇಕು. ದಂಡು ಇದ್ದ ಊರಾದ್ದರಿಂದ ಸಿಪಾಯಿಗಳು, ಅವರ ಹಿಂದೆ ಬಂದ ಬಟ್ಲರರು, ಆಯಾಗಳು, ಕುದುರೆ ಕಾಯುವವರು ತಮಿಳು ಮಾತನಾಡುತ್ತಿದ್ದರು. ಅವರ ಸಭೆಯನ್ನು 1827ರಿಂದ 1847ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದವರು ಸ್ಯಾಮ್ಯುಯೆಲ್ ಫ್ಲೇವಲ್ ಎಂಬ ಈ ದೇಶದವರೇ ಆದ ಸಭಾಪಾಲಕರು. ಕನ್ನಡದ ಹಳ್ಳಿ ಸಭೆಗಳು ನಿಧಾನವಾಗಿ, ಉಪದೇಶಿಗಳ, ಅಂದರೆ ಹಳ್ಳಿಯ ಬೋಧಕರ, ಕಾಲ್ನಡಿಗೆಯಿಂದ ಬೆಳೆದವು. ಆದ್ದರಿಂದ 1876ರಲ್ಲಿ ನಿಮ್ಮ ಊರಲ್ಲಿ ಕ್ರೈಸ್ತರ ನಾಲ್ಕು ಮನೆ ಇದ್ದಿರಬಹುದು ಎನ್ನುವುದು ಅಸಾಧ್ಯವಲ್ಲ. ಆ ನಾಲ್ಕು ಮನೆಯವರು ಕಲ್ಲಿನ ಗುಡಿಗೆ ಬುನಾದಿ ಹಾಕಿದರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕು.

ಒಂದು ಮಾತು ಕೇಳುತ್ತೇನೆ: ಆ ಸತ್ಯವೇದ ಅಚ್ಚಾದ ವರ್ಷ ಯಾವುದು?

ಸಿರುಗುಪ್ಪ ಸೀಮೆಯವ

ಮುಖಪುಟವಿಲ್ಲ. ಆದಿಕಾಂಡದ ಮೊದಲ ಮೂರು ಅಧ್ಯಾಯಗಳೂ ಇಲ್ಲ. ಬರಹ ಒಂದೇ ಕೈಯದು. ಹಾಳೆಯಲ್ಲಿ ಅದಕ್ಕೂ ಮೇಲೆ ಇರುವ ಜನನದ ದಿನಗಳೂ ಸಂವತ್ಸರದಲ್ಲೇ ಇವೆ, ಇಸವಿ ಎಲ್ಲಿಯೂ ಇಲ್ಲ.

ನಿವೃತ್ತ ಗುಮಾಸ್ತ, ಬಳ್ಳಾರಿ

ಮೂವತ್ತು ವರ್ಷ ಜಮೀನಿನ ಕಾಗದಗಳ ನಡುವೆ ಕುಳಿತವನು ನಾನು. ಕ್ರೈಸ್ತರ ಮನೆಯ ಪುಸ್ತಕದಲ್ಲಿ ಧಾತು, ಶ್ರಾವಣ ಎಂದಿರುವುದನ್ನು ಕಂಡು ಯಾರೂ ಹುಬ್ಬೇರಿಸಬೇಕಾಗಿಲ್ಲ. ಹಳ್ಳಿಯಲ್ಲಿ ಕಾಲವನ್ನು ಎಣಿಸುವ ಕ್ರಮ ಅದೊಂದೇ ಇತ್ತು. ಧರ್ಮ ಯಾವುದಾದರೂ ಬಿತ್ತುವ ಮಳೆ ಒಂದೇ ನಕ್ಷತ್ರದ್ದು.

ಸರ್ಕಾರದ ಕಾಗದದಲ್ಲಿ ಮಾತ್ರ ಸಂವತ್ಸರವಲ್ಲ, ಫಸಲಿ, ಅಂದರೆ ಕಂದಾಯದ ವರ್ಷ, ಇರುತ್ತದೆ. ನಮ್ಮದು ಮದರಾಸು ಪ್ರಾಂತ್ಯದ ಜಿಲ್ಲೆಯಾಗಿದ್ದುದರಿಂದ ಫಸಲಿ ಜುಲೈ ಒಂದಕ್ಕೆ ಶುರುವಾಗುತ್ತದೆ. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾಗುವ ಇಸವಿ ಸಿಗುತ್ತದೆ. ಫಸಲಿ 1286 ಎಂದರೆ 1876-77, ಫಸಲಿ 1346 ಎಂದರೆ 1936-37. ಗುಡಿಯ ಜಾಗ ಗ್ರಾಮಠಾಣದಲ್ಲಿದೆಯೋ, ಯಾರೋ ಬರೆದುಕೊಟ್ಟ ಪಟ್ಟಾ ಜಮೀನಿನಲ್ಲಿದೆಯೋ ಮೊದಲು ನೋಡಿ. ಬರೆದುಕೊಟ್ಟದ್ದಾದರೆ ನೋಂದಣಿಯಾಗಿರಬೇಕು, ಪತ್ರದಲ್ಲಿ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಗಳ ವಿವರ, ಇರುತ್ತದೆ. ಚಕ್ಕುಬಂದಿಯನ್ನು ಓದುವಾಗ ಅಕ್ಕಪಕ್ಕದ ಜಮೀನಿನ ಪತ್ರಗಳನ್ನೂ ತೆಗೆಸಿ. ನಿಮ್ಮ ಗುಡಿಯ ಪತ್ರ ಕಳೆದುಹೋಗಿದ್ದರೂ, ನೆರೆಯವನ ಪತ್ರದಲ್ಲಿ "ಪಡುವಲಿಗೆ ಮಿಷನ್ ಗುಡಿ" ಎಂದು ಬರೆದಿದ್ದರೆ, ಆ ಪತ್ರದ ದಿನಕ್ಕೆ ಗುಡಿ ಇತ್ತೆಂದು ಅರ್ಥ. ಗುಡಿಯ ಜಾಗವನ್ನು "ಬಯಲು" ಎಂದು ಬರೆದಿದ್ದರೆ ಆ ದಿನಕ್ಕೆ ಗುಡಿ ಇರಲಿಲ್ಲವೆಂದು ಅರ್ಥ. ಇಂಥ ಕಾಗದಕ್ಕೆ ನಿಮ್ಮ ಹಬ್ಬದ ಗೊಡವೆ ಇರುವುದಿಲ್ಲ, ಆದ್ದರಿಂದಲೇ ಅದನ್ನು ನಂಬಬಹುದು.

ಲಿಂಗಸುಗೂರಿನಿಂದ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಮ್ಮ ಮುದಗಲ್ಲಿನಲ್ಲಿ ಕಥೋಲಿಕ ಸಮುದಾಯ ಆದಿಲ್‌ಶಾಹಿ ಕಾಲದಿಂದ ಇದೆ. ಅಲ್ಲಿನ ಚರ್ಚಿಗೆ 1557 ಎಂಬ ವರ್ಷವನ್ನು ಹೇಳುವುದು ರೂಢಿ. ಅದು ರಕ್ಕಸತಂಗಡಿ ಕದನಕ್ಕೂ ಎಂಟು ವರ್ಷ ಹಿಂದಿನದು, ಮುದಗಲ್ ಕೋಟೆ ವಿಜಯನಗರಕ್ಕೂ ವಿಜಾಪುರಕ್ಕೂ ನಡುವೆ ಕೈ ಬದಲಾಗುತ್ತಿದ್ದ ಕಾಲ. ಗೋವೆಯಿಂದ ಬಂದ ಪಾದ್ರಿಗಳನ್ನು ಆ ಕಾಲದವರು ಹೇಗೆ ಬರಮಾಡಿಕೊಂಡರು ಎಂಬ ಕಥೆಗಳನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಆ ಕಥೆಗಳಿಗೆಲ್ಲ ಚಕ್ಕುಬಂದಿ ಕೇಳಿದರೆ ಸಿಗುವುದಿಲ್ಲ. ಹಾಗೆಂದು ಅವನ್ನು ಬಿಟ್ಟುಬಿಡಬೇಕೇ? ನಿಮ್ಮ ಹಿರಿಯರು ಧಾತು ಬರವನ್ನು ನೆನೆಯುತ್ತಿದ್ದಾರೆ ಎಂದರೆ ಆ ನೆನಪಿಗೂ ಒಂದು ಮೂಲವಿರಬೇಕು.

ಕೌಲ್ ಬಜಾರ್ ಹಳಬ

ಲಿಂಗಸುಗೂರಿನವರು ಹೇಳಿದ್ದನ್ನು ತಳ್ಳಿಹಾಕಲಾರೆ. 1876-78ರ ಬರ ಮದರಾಸು ಪ್ರಾಂತ್ಯದಲ್ಲಿ ಅತಿ ಕ್ರೂರವಾಗಿ ಹೊಡೆದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಕೆಲಸಕ್ಕೆ ಬಂದವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯದಷ್ಟು ಕೂಲಿ ಸಾಕು ಎಂದು ಬ್ರಿಟಿಷ್ ಸರ್ಕಾರದ ಅಧಿಕಾರಿ ರಿಚರ್ಡ್ ಟೆಂಪಲ್ ಇಳಿಸಿದ್ದು ಆ ಬರದಲ್ಲೇ. ತಂದೆತಾಯಿ ಸತ್ತ ಮಕ್ಕಳನ್ನು ಮಿಷನ್‌ಗಳು ಸಾಕಿದವು. ಹಾಗೆ ಬೆಳೆದವರು ಮುಂದೆ ತಮ್ಮ ಊರುಗಳಿಗೆ ಉಪದೇಶಿಗಳಾಗಿ, ಮೇಷ್ಟರಾಗಿ ಹಿಂದಿರುಗಿದ್ದುಂಟು. ಆದ್ದರಿಂದ ಒಂದು ಸಭೆಯ ನೆನಪು ಬರದಿಂದ ಆರಂಭವಾಗುವುದು ಸಹಜ. ಆದರೆ ಶ್ರಾವಣದಲ್ಲಿ ಬುನಾದಿ ಹಾಕಿದರು ಎಂಬ ಸಾಲು ಬೇರೆಯದು. ಅದು ನೆನಪಲ್ಲ, ದಾಖಲೆ.

ಮರಿಯಮ್ಮನಹಳ್ಳಿ ಓದುಗ

ವರ್ಷ ಯಾವುದಾದರೇನು ಸ್ವಾಮಿ, ಹಬ್ಬ ಮಾಡಿ, ಊರಿಗೆಲ್ಲ ಊಟ ಹಾಕಿ.

ಸಿರುಗುಪ್ಪ ಸೀಮೆಯವ

ಊಟ ಖಂಡಿತ ಉಂಟು, ಬನ್ನಿ. ಆದರೆ ನೂರೈವತ್ತರ ಹೆಸರಿನಲ್ಲಿ ಹೊರಗಿನವರಿಂದ ಚಂದಾ ಎತ್ತಿ, ನಂತರ ತೊಂಬತ್ತು ಎಂದು ತಿಳಿದರೆ ರಸೀದಿ ಪುಸ್ತಕ ಹಿಡಿದವನು ನಾನಾಗಿರುತ್ತೇನೆ.

ಹೊಸಪೇಟೆ ಅಧ್ಯಾಪಕಿ

ಇಷ್ಟು ದಿನ ಓದುತ್ತಿದ್ದೆ, ಈಗ ಬರೆಯಬೇಕೆನಿಸಿತು. ನಿಮ್ಮ ಚರ್ಚಿನಲ್ಲಿ ಅಸ್ತಿವಾರದ ಕಲ್ಲು ಇಲ್ಲವೇ? ನೀವು ಪ್ರತಿ ವರ್ಷ ಸುಣ್ಣ ಬಳಿಯುತ್ತೇವೆ ಎಂದಿದ್ದೀರಿ. ಹಾಗಾದರೆ ಕಲ್ಲು ಸುಣ್ಣದ ಅಡಿಯಲ್ಲೇ ಇರಬಹುದು. ಮುಂಬಾಗಿಲ ಎಡಬಲಗಳಲ್ಲಿ, ಮೊಣಕಾಲಿನಿಂದ ಎದೆಯ ಎತ್ತರದವರೆಗೆ, ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಮಣ್ಣಿನ ಗಾರೆ ಇರುವಲ್ಲಿ ಮಂದವಾದ ಸದ್ದು, ಕಲ್ಲು ಇರುವಲ್ಲಿ ಗಟ್ಟಿ ಸದ್ದು ಬರುತ್ತದೆ. ಸಿಕ್ಕರೆ ಆಸಿಡ್ ಹಾಕಬೇಡಿ, ಕಬ್ಬಿಣದ ಬ್ರಷ್ಷು ಬೇಡವೇ ಬೇಡ. ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಒಂದೆರಡು ಗಂಟೆ ಹಚ್ಚಿಟ್ಟು, ಬಿದಿರಿನ ಸೀಳಿನಿಂದ ಪದರ ಪದರವಾಗಿ ಎಬ್ಬಿಸಿ. ಅಕ್ಷರಗಳ ಗುಳಿಯಲ್ಲಿ ಸುಣ್ಣ ಉಳಿದರೆ ಉಳಿಯಲಿ. ಕತ್ತಲಾದ ಮೇಲೆ ಟಾರ್ಚನ್ನು ಎದುರಿನಿಂದಲ್ಲ, ಗೋಡೆಗೆ ತಾಗಿಸಿದಂತೆ ಪಕ್ಕದಿಂದ ಬಿಡಿ. ಹಗಲಲ್ಲಿ ಕಾಣದ ಗೀರುಗಳಿಗೆ ನೆರಳು ಬೀಳುತ್ತದೆ. ಶಾಸನ ಓದುವವರೆಲ್ಲ ಮಾಡುವುದು ಇದನ್ನೇ.

ಇನ್ನೊಂದು ಸುಳಿವು ಸಭೆಯ ಹೆಸರಿನಲ್ಲಿದೆ, ಇದು ವರ್ಷದ ಅಂಕಿಗಿಂತಲೂ ಮೇಲು. ಬಳ್ಳಾರಿ ಕಡೆಯ ಹಳೆಯ ಸಭೆಗಳು ಮೂರು ಹೆಸರುಗಳನ್ನು ದಾಟಿ ಬಂದಿವೆ. ಮೊದಲು ಲಂಡನ್ ಮಿಷನ್. 1908ರಲ್ಲಿ ಲಂಡನ್ ಮಿಷನ್ ಮುಂತಾದವುಗಳ ಸಭೆಗಳು ಕೂಡಿ ದಕ್ಷಿಣ ಭಾರತ ಐಕ್ಯ ಸಭೆ, ಅಂದರೆ ಎಸ್.ಐ.ಯು.ಸಿ. ಆಯಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಅದು ಆಂಗ್ಲಿಕನ್ ಮತ್ತು ಬ್ರಿಟಿಷ್ ಮೆಥೊಡಿಸ್ಟ್ ಸಭೆಗಳೊಂದಿಗೆ ಕೂಡಿ ಇಂದಿನ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಗಂಟೆ, ಪ್ರಭುಭೋಜನದ ಬಟ್ಟಲು, ರಿಜಿಸ್ಟರಿನ ತಲೆಬರಹ, ಹಳೆಯ ರಸೀದಿ, ಯಾವುದರ ಮೇಲಾದರೂ ಎಸ್.ಐ.ಯು.ಸಿ. ಎಂದಿದ್ದರೆ ಅದು ಆ ಮೂವತ್ತೊಂಬತ್ತು ವರ್ಷಗಳೊಳಗಿನದು. ನಿಮ್ಮ ಎರಡು ಧಾತುಗಳಲ್ಲಿ ಒಂದು ಈ ಗಡಿಯ ಒಳಗಿದೆ, ಇನ್ನೊಂದು ಹೊರಗಿದೆ. ನಿಮ್ಮ ಪ್ರಶ್ನೆಗೆ ಇಷ್ಟು ಅನುಕೂಲವಾದ ಅಳತೆಗೋಲು ಬೇರೆ ಸಿಗುವುದು ಕಷ್ಟ.

ದೀಕ್ಷಾಸ್ನಾನದ ರಿಜಿಸ್ಟರು ಇದ್ದರೆ ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದ ಹಾಳೆಗೆ ಸೆಲ್ಲೋಟೇಪು ಹಚ್ಚಬೇಡಿ. ಬಹಳ ಕಡೆ ಪ್ರೀತಿಯಿಂದಲೇ ಹಾಳು ಮಾಡಿದ್ದನ್ನು ನೋಡಿದ್ದೇನೆ.

ರಾಯಚೂರು ಸ್ಟೇಷನ್ ರಸ್ತೆ

ಅಧ್ಯಾಪಕಿಯವರ ಅಳತೆಗೋಲು ಹೊಳೆಯ ಆಚೆ, ನಮ್ಮ ರಾಯಚೂರು ಕಡೆ, ನಡೆಯುವುದಿಲ್ಲ ಎಂಬುದನ್ನು ಸೇರಿಸುತ್ತೇನೆ. ತುಂಗಭದ್ರೆಯ ಈ ದಡ ನಿಜಾಮರದು. ಇಲ್ಲಿ ಕೆಲಸ ಮಾಡಿದ್ದು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆ. ಅದು 1947ರಲ್ಲಿ ಸಿ.ಎಸ್.ಐ. ಸೇರಲಿಲ್ಲ, ಬೇರೆಯೇ ಉಳಿಯಿತು. ಹಳ್ಳಿಗಳ ಹಳೆಯ ಕಾಗದ ಹೆಚ್ಚಿನವು ಉರ್ದುವಿನಲ್ಲಿವೆ. ಸಿಂಧನೂರಿನಿಂದ ಸಿರುಗುಪ್ಪಕ್ಕೆ ಸೇತುವೆ ದಾಟುವಾಗ ಈಗ ಏನೂ ಬದಲಾಗುವುದಿಲ್ಲ. ಆಗ ಸರ್ಕಾರ, ಕಚೇರಿ ಭಾಷೆ, ಮಿಷನ್ ಎಲ್ಲವೂ ಬದಲಾಗುತ್ತಿದ್ದವು. ಆದರೂ ಎರಡೂ ದಡದವರು ಹೆಣ್ಣು ಕೊಟ್ಟು ತಂದು ಮಾಡುತ್ತಲೇ ಇದ್ದರು. ನಿಮ್ಮ ರಿಜಿಸ್ಟರಿನಲ್ಲಿ ಮಾನ್ವಿ, ಸಿಂಧನೂರು ಸೀಮೆಯ ಸೊಸೆಯಂದಿರು ಸಿಗಬಹುದು, ನೋಡಿ.

ಸಿರುಗುಪ್ಪ ಸೀಮೆಯವ

ಮೂರು ವಾರ ಬರೆಯಲಿಲ್ಲ, ಕ್ಷಮಿಸಿ. ಹೇಳಲು ಬಹಳ ಇದೆ.

ಅಧ್ಯಾಪಕಿಯವರು ಹೇಳಿದಂತೆ ತಟ್ಟಿ ನೋಡಿದೆವು. ಬಾಗಿಲಿನ ಬಲಕ್ಕೆ, ಚಪ್ಪಲಿ ಬಿಡುವ ಜಾಗದ ಮೇಲೆ, ಎರಡು ಗೇಣು ಅಗಲದ ಕಲ್ಲು ಸಿಕ್ಕಿತು. ನಾನು ಚಿಕ್ಕಂದಿನಿಂದ ಅದಕ್ಕೆ ಒರಗಿಯೇ ನಿಲ್ಲುತ್ತಿದ್ದೆ. ಸುಣ್ಣ ಒಂದು ಪದರವಲ್ಲ. ಬಿಳಿಯ ಕೆಳಗೆ ನೀಲಿ, ನೀಲಿಯ ಕೆಳಗೆ ಹಳದಿ, ಮತ್ತೆ ಬಿಳಿ, ಒಟ್ಟು ಹಳೆಯ ರೊಟ್ಟಿಯಷ್ಟು ದಪ್ಪ. ಎರಡು ದಿನ ಬಟ್ಟೆ ನೆನೆಸಿಟ್ಟೆವು. ಪಕ್ಕದ ಮನೆಯ ಹುಡುಗರು ಬಿದಿರ ಸೀಳು ಹಿಡಿದು ಎಬ್ಬಿಸಿದರು. ಹಗಲಲ್ಲಿ ನೋಡಿದಾಗ ಏನೂ ಇಲ್ಲದ ಕಲ್ಲು. ಹಿರಿಯರು "ಅದು ಬರೀ ಕಲ್ಲು" ಎಂದು ಹೊರಟರು. ರಾತ್ರಿ ಕರೆಂಟು ಹೋದ ಹೊತ್ತಿಗೆ ಟಾರ್ಚನ್ನು ಗೋಡೆಗೆ ತಾಗಿಸಿ ಬಿಟ್ಟೆವು. ಮೇಲ್ಗಡೆ ಶಿಲುಬೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ, ನಡುನಡುವೆ ಚುಕ್ಕೆ: ಎಸ್. ಐ. ಯು. ಸಿ. ಅದರ ಕೆಳಗೆ ಕನ್ನಡದಲ್ಲಿ "ದೇವರ ಮಹಿಮೆಗಾಗಿ". ಅದಕ್ಕೂ ಕೆಳಗೆ ವರ್ಷವಿದ್ದ ಜಾಗದಲ್ಲಿ, ಯಾರೋ ಯಾವಾಗಲೋ ಕರೆಂಟಿನ ಪೈಪು ಕೂರಿಸಲು ಕಲ್ಲನ್ನೇ ಒಡೆದಿದ್ದಾರೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೂ ಎಸ್.ಐ.ಯು.ಸಿ. ಎಂಬ ಕಲ್ಲು 1876ರದಾಗಿರಲು ಸಾಧ್ಯವಿಲ್ಲ. ಆ ಗಡಿಯೊಳಗೆ ಬರುವ ಧಾತು ಒಂದೇ, 1936-37. ಗುಮಾಸ್ತರ ಸಲಹೆಯಂತೆ ನೆರೆಯವರ ಪತ್ರಗಳನ್ನೂ ಹುಡುಕಿದೆ. ಪೂರ್ವದ ಮನೆಯವರ ಬಳಿ ಇರುವ ಹಳೆಯ ಕ್ರಯಪತ್ರದ ಚಕ್ಕುಬಂದಿಯಲ್ಲಿ ನಮ್ಮ ಜಾಗವನ್ನು "ಮಿಷನ್ ಶಾಲೆಯ ಬಯಲು" ಎಂದು ಬರೆದಿದೆ, ಗುಡಿ ಎಂದಿಲ್ಲ.

ಇನ್ನು ರಿಜಿಸ್ಟರು. ಮೊದಲ ಹಾಳೆಗಳನ್ನು ಗೆದ್ದಲು ತಿಂದಿದೆ. ಉಳಿದ ಮೊದಲ ಹಾಳೆಯ ತಲೆಬರಹದಲ್ಲಿ "ಲಂಡನ್ ಮಿಷನ್" ಎಂದು ಅಚ್ಚಾಗಿದೆ, ಅಲ್ಲಿನ ಮೊದಲ ಕ್ರಮಸಂಖ್ಯೆಯೇ ಅರವತ್ತರ ಮೇಲಿದೆ. ಹೆಸರು, ತಂದೆತಾಯಿ, ಊರು, ಉದ್ಯೋಗ, ದೀಕ್ಷಾಸ್ನಾನ ಕೊಟ್ಟವರು ಎಂಬ ಕಾಲಂಗಳು. ಉದ್ಯೋಗದ ಕಾಲಂನಲ್ಲಿ ಉದ್ದಕ್ಕೂ "ಕೂಲಿ", "ಕೂಲಿ", "ಮೇಲಿನಂತೆ", "ಮೇಲಿನಂತೆ". ನಡುವೆ ಒಂದೇ ಒಂದು ಕಡೆ "ಶಾಲೆಯ ಮೇಷ್ಟರು". ಆ ಮೇಷ್ಟರು ನನ್ನ ಅಜ್ಜಿಯ ತಂದೆ. ಮೂರು ಸಾಲು ಕೆಳಗೆ, ತಾಯಿಯ ಊರು ಎಂಬಲ್ಲಿ, ರಾಯಚೂರಿನವರು ಹೇಳಿದ ಹಾಗೆಯೇ, ಮಾನ್ವಿ.

ಹೊಸಪೇಟೆ ಅಧ್ಯಾಪಕಿ

ಬಹಳ ಚೆನ್ನಾಗಿ ಮಾಡಿದ್ದೀರಿ. ಒಂದು ಎಚ್ಚರಿಕೆ: "ಲಂಡನ್ ಮಿಷನ್" ಎಂದು ಅಚ್ಚಾದ ಹಾಳೆಗಳು ಕಟ್ಟುಗಟ್ಟಲೆ ಉಳಿದಿದ್ದು, 1908ರ ನಂತರವೂ ಬಳಕೆಯಾಗಿರಬಹುದು. ಹಳ್ಳಿಯ ಉಪದೇಶಿ ಕಾಗದ ಎಸೆಯುವವರಲ್ಲ. ತಲೆಬರಹವನ್ನಲ್ಲ, ಸಾಲಿನಲ್ಲಿ ಕೈಯಿಂದ ಬರೆದ ದಿನಾಂಕವನ್ನು ನಂಬಿ. ಕಳೆದುಹೋದ ಮೊದಲ ಅರವತ್ತು ಸಂಖ್ಯೆಗಳು ನಿಮ್ಮ ಊರಿನವೇ, ಸುತ್ತಲಿನ ಹಳ್ಳಿಗಳವೂ ಕೂಡಿದ್ದವೇ ಎಂಬುದನ್ನು ಉಳಿದ ಹಾಳೆಗಳ ಊರಿನ ಕಾಲಂ ನೋಡಿ ಊಹಿಸಬೇಕು. ಲಂಡನ್ ಮಿಷನ್‌ನವರು ಬರೆದು ಕಳಿಸಿದ ವರದಿಗಳು ಲಂಡನ್ನಿನ ಸೋಆಸ್ ಎಂಬ ವಿದ್ಯಾಸಂಸ್ಥೆಯ ಗ್ರಂಥಾಲಯದಲ್ಲಿವೆ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿಯೂ ಒಮ್ಮೆ ವಿಚಾರಿಸಿ.

ಸಿರುಗುಪ್ಪ ಸೀಮೆಯವ

ದಿನಾಂಕ ಇರುವ ಅಂಚನ್ನೇ ಗೆದ್ದಲು ತಿಂದಿದೆ, ಮೇಡಂ. ಊರಿನ ಕಾಲಂನಲ್ಲಿ ನಮ್ಮೂರಲ್ಲದೆ ಇನ್ನೆರಡು ಹಳ್ಳಿಗಳ ಹೆಸರೂ ಇವೆ. ಬೆಂಗಳೂರಿಗೆ ಮುಂದಿನ ತಿಂಗಳು ಹೋಗುವವರಿದ್ದಾರೆ, ಅವರ ಕೈಯಲ್ಲಿ ಪತ್ರ ಕೊಡುತ್ತೇನೆ.

ಕಳೆದ ಭಾನುವಾರ ಆರಾಧನೆಯ ನಂತರ ಕಲ್ಲಿನ ಫೋಟೋವನ್ನು ಎಲ್ಲರಿಗೂ ತೋರಿಸಿದೆ. ನನ್ನನ್ನು ಪ್ರಶ್ನಿಸಿದ ಹಿರಿಯರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಹಾಗಾದರೆ ಇದನ್ನು ನಮ್ಮಪ್ಪನ ಕಾಲದಲ್ಲಿ ಕಟ್ಟಿದ್ದು. ನಾನು ಆಗ ಹುಟ್ಟಿರಲಿಲ್ಲ, ಆದರೆ ಕಲ್ಲು ಹೊತ್ತದ್ದನ್ನು ಅವ್ವ ಹೇಳುತ್ತಿದ್ದಳು. ಅವಳು ಇನ್ಯಾವುದೋ ಮನೆಯ ಕಲ್ಲಿನ ಮಾತು ಹೇಳುತ್ತಾಳೆಂದು ತಿಳಿದಿದ್ದೆ," ಎಂದರು. ಅವರ ತಾಯಿ ಹೊಳೆದಂಡೆಯಿಂದ ತಲೆಯ ಮೇಲೆ ಕಲ್ಲು ಹೊತ್ತ ವಿಷಯ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬಾಗಿಲ ಮೇಲೆ ಎರಡು ಸಾಲು ಬರೆಸುವುದೆಂದು ತೀರ್ಮಾನವಾಯಿತು. "ಗುಡಿಯ ಬುನಾದಿ: ಧಾತು ಸಂವತ್ಸರ ಶ್ರಾವಣ, 1936" ಎಂಬುದು ಮೊದಲನೆಯದು. "ಸಭೆ ಅದಕ್ಕೂ ಹಿಂದಿನದು" ಎಂಬುದು ಎರಡನೆಯದು. ಅದರ ಮುಂದೆ ಒಂದು ವರ್ಷದಷ್ಟು ಜಾಗ ಖಾಲಿ ಬಿಡುತ್ತೇವೆ. 2026ರ ಹಬ್ಬ ನಡೆಯುತ್ತದೆ, ತೊಂಬತ್ತರ ಹೆಸರಿನಲ್ಲಿ. ಪೇಂಟರ್ ಆಗಲೇ ಸೀಮೆಸುಣ್ಣದಲ್ಲಿ 1876 ಎಂದು ಗೆರೆ ಎಳೆದಿದ್ದ. ಅಂಕಿಗಳು ಹೆಚ್ಚಾದವು, ಮುಂಗಡದ ಮೇಲೆ ಇನ್ನೂರು ರೂಪಾಯಿ ಕೊಡಿ ಎನ್ನುತ್ತಿದ್ದಾನೆ.

ನಿವೃತ್ತ ಗುಮಾಸ್ತ, ಬಳ್ಳಾರಿ

ಕೊಟ್ಟುಬಿಡಿ. ಕರೆಂಟಿನ ಪೈಪನ್ನು ಮಾತ್ರ ಆ ಕಲ್ಲಿನಿಂದ ಈಗಲೇ ಬೇರೆಡೆಗೆ ಸರಿಸಿ. ಒಡೆದ ಚೂರುಗಳನ್ನು ಆಗ ಗೋಡೆಯ ಸಂದಿಗೇ ತುಂಬಿರಬಹುದು, ಪೈಪು ತೆಗೆಯುವಾಗ ನೀವೂ ಅಲ್ಲಿ ನಿಂತಿರಿ.